ರೊಟ್ಟಿ ನೆನೆಸಬೇಡ

ಶ್ರಾವಣ, ಎರಡನೆಯ ಸೋಮವಾರ

ಮತ್ತೆ ಕದ್ದು ಓದುತ್ತೀಯಾ, ವೈಶಾಲಿ? ಅತ್ತೆಯ ವಹಿಗೆ ಕೈ ಹಾಕಲು ನಾಚಿಕೆ ಇಲ್ಲವೇ? ಹಾಕಿದ್ದೀ, ಇನ್ನು ಪೂರ್ತಿ ಓದು.

ಕೀವು ತುಂಬಿ ಗಲ್ಲ ಊದಿದ್ದಕ್ಕೆ ಜಮಖಂಡಿಯ ಡಾಕ್ಟರು, ಹೋದ ತಿಂಗಳು ಹೊಸ ಹಲ್ಲಿಗೆಂದು ದವಡೆಯಲ್ಲಿ ಕೂರಿಸಿದ್ದ ಸ್ಕ್ರೂವನ್ನು ಇವತ್ತು ಬಿಚ್ಚಿ ತೆಗೆದರು.

"ಗಾಯಕ್ಕ ಏನರ ಹಚ್ಚಿದ್ರೇನ್ರಿ ಅಮ್ಮಾರ?"

ನಾನು ಬಾಯಿ ತೆರೆಯುವ ಮೊದಲೇ ನೀನು, "ದಿನಾ ಮಿಶ್ರಿ ತಿಕ್ಕತಾರ್ರಿ," ಅಂದೆ. ಹೌದು, ತಿಕ್ಕಿದೆ. ಡಾಕ್ಟರು ಗಟ್ಟಿಯದು ತಿನ್ನಬೇಡಿ ಅಂತಷ್ಟೇ ಅಂದಿದ್ದರು. ಹುರಿದ ತಂಬಾಕಿನ ಪುಡಿ ತಿಕ್ಕಿದರೆ ತಿಂದಂತಾಯಿತೇ?

ಎಲುಬು ಮಾಗಿದ ಮೇಲೆ ಮತ್ತೆ ಕೂರಿಸಬಹುದಂತೆ. ನಿನ್ನ ಗಂಡ ಮಾತ್ರ, "ಸಾಕ ಬಿಡಬೇ ಯವ್ವಾ, ಈ ವಯಸ್ಸಿನಾಗ ಹಲ್ಲ ಯಾಕ?" ಅಂದ.

"ನಿನಗ ಹಲ್ಲ ಬಂದಾಗ ಕಚ್ಚಿಸಿಕೊಂಡಾಕಿ ನಾನಲೇ," ಅಂದೆ.

ರಾತ್ರಿ ನೀನು ಖಡಕ್ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಂದೆ. ನನ್ನ ಅತ್ತೆಗೆ ನಾನೂ ಹಾಗೇ ಕೊಡುತ್ತಿದ್ದೆ, ಅವಳು ಸಾಯುವ ಮುಂಚೆ. ನಾನು ಸಾಯಲು ಹೊರಟಿಲ್ಲ. ಮಿಶ್ರಿಯನ್ನೆಲ್ಲ ಒಲೆಗೆ ಸುರುವಿದ್ದೇನೆ. ಖಾಲಿ ಡಬ್ಬಿ ಇಲ್ಲೇ ಇದೆ, ಮೂಸಿ ನೋಡು.

ಮತ್ತೆ ಕರೆದುಕೊಂಡು ಹೋಗುತ್ತೀರೋ, ನಾನೇ ಬಸ್ಸು ಹತ್ತಲೋ? ಭಾದ್ರಪದ ಹುಟ್ಟುವುದರೊಳಗೆ ಇದೇ ಹಾಳೆಯ ಕೆಳಗೆ ಉತ್ತರ ಬರೆದಿಡು.