ನೀರು ಬರುವ ದಿನವೇ ಕೇಳಿದ ಪ್ರಶ್ನೆ

ಅಮ್ಮಾನ್ ನಗರದ ನೀರು ಸರಬರಾಜು ಕಚೇರಿಯ ಮುಖ್ಯಸ್ಥರೇ,

ನಮ್ಮ ಗುಡ್ಡದಲ್ಲಿ ನೂರಕ್ಕೆ ತೊಂಬತ್ತೇಳು ಮನೆಗಳ ನಲ್ಲಿಯಲ್ಲಿ ನೀರಿದೆ ಎಂದು ನಿಮ್ಮ ಸಮೀಕ್ಷೆ ಸಾರಿದೆ. ಆದ್ದರಿಂದ ಬರುವ ತಿಂಗಳಿಂದ ನಮ್ಮ ಸರದಿಯ ನೀರನ್ನು ಮಧ್ಯಾಹ್ನಕ್ಕೇ ನಿಲ್ಲಿಸುತ್ತೀರಂತೆ. ಅಂಕಿ ಸರಿಯಾಗಿಯೇ ಇದೆ. ಅದರೊಳಗೆ ನಾನೂ ಇದ್ದೇನೆ. ಕೆಟ್ಟಿರುವುದು ನಿಮ್ಮ ‘ಆದ್ದರಿಂದ’.

ನಿಮ್ಮ ಸಮೀಕ್ಷೆಯ ಹುಡುಗಿ ಬಂದದ್ದು ಮಂಗಳವಾರ ಬೆಳಿಗ್ಗೆ. ಅಂದು ಎಲ್ಲರೂ ಮನೆಯಲ್ಲೇ ಸಿಗುತ್ತಾರೆ ಎಂದು ಯಾರೋ ಜಾಣರು ಹೇಳಿ ಕಳಿಸಿರಬೇಕು. ಸಿಗದೆ ಏನು? ವಾರಕ್ಕೊಮ್ಮೆ ನಮಗೆ ನೀರು ಬರುವುದೇ ಅಂದು. ಬಟ್ಟೆ ಒಗೆಯಬೇಕು, ತೊಟ್ಟಿ ತುಂಬಬೇಕು. “ನಲ್ಲಿಯಲ್ಲಿ ನೀರು ಬರ್ತಿದೆಯಾ?” ಎಂದು ಆಕೆ ಕೇಳಿದಳು. ನದಿಯನ್ನು ನಾನೇ ಹೊತ್ತು ತಂದವನ ಹಾಗೆ ನಲ್ಲಿ ತಿರುಗಿಸಿ ತೋರಿಸಿ, “ಹೌದು” ಎಂದೆ. ಐವತ್ತು ವರ್ಷಗಳಲ್ಲಿ ನಾನಾಡಿದ ಅತಿ ಚಿಕ್ಕ ಮಾತು ಅದು. ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಆಕೆ ಚಹಾ ಲೋಟ ಕೆಳಗಿಟ್ಟು ಪಕ್ಕದ ಮನೆ ಸೇರಿದ್ದಳು.

“ಶುಕ್ರವಾರ ಮಸೀದಿ ಬಾಗಿಲಲ್ಲಿ ನಿಂತು, ನಮಾಜು ಮಾಡ್ತೀರಾ ಅಂತ ಕೇಳಿದ ಹಾಗಾಯ್ತು,” ಎಂದಳು ನನ್ನ ಹೆಂಡತಿ ಇಬ್ತಿಸಾಮ್.

ನಾನು ಸುಮ್ಮನಿರಲಿಲ್ಲ. ಕಾಫಿ ಅಂಗಡಿಗೆ ಹೋಗಿ ನನ್ನದೇ ಸಮೀಕ್ಷೆ ನಡೆಸಿದೆ. ಅಲ್ಲಿದ್ದವರೆಲ್ಲ ನಿಮ್ಮದೇ ತಪ್ಪೆಂದರು. ಗೆದ್ದು ಬಂದವನ ಠೀವಿಯಲ್ಲಿ ಮನೆಯಲ್ಲಿ ಹೇಳಿದರೆ, “ರೀ, ಹಗಲು ಹೊತ್ತು ಕಾಫಿ ಅಂಗಡೀಲಿ ಕೂತೋರನ್ನ ಕೇಳಿದ್ರೆ, ಅಮ್ಮಾನ್‌ನಲ್ಲಿ ಕೆಲಸಕ್ಕೆ ಹೋಗೋ ಗಂಡಸೇ ಇಲ್ಲ ಅಂತ ಬರುತ್ತೆ,” ಎಂದಳು. ಹೀಗಾಗಿ ನಿಮ್ಮನ್ನು ಬೈಯುವ ಅರ್ಹತೆಯೂ ನನಗೆ ಅರ್ಧದಷ್ಟೇ ಉಳಿದಿದೆ.

ಆದರೂ ಮೇಲ್ಮಹಡಿಯ ಉಮ್ ಮಾಝಿನ್ ಅವರ ಮಾತು ಕೇಳಿ. ಕೆಳಗಿನ ಮನೆಗಳ ತೊಟ್ಟಿಗಳೆಲ್ಲ ತುಂಬಿ ಅಲ್ಲಿಗೆ ನೀರು ಏರುವುದು ಸಂಜೆಯ ಹೊತ್ತಿಗೆ. ಹಾಸಿಗೆ ಹಿಡಿದ ಅತ್ತೆಯ ಬಟ್ಟೆ ಒಗೆಯುವುದು ಆಮೇಲೆಯೇ. ನಿಮ್ಮ ಹುಡುಗಿ ಕದ ತಟ್ಟಿದಾಗ ಆಕೆ ಮಾಳಿಗೆಯ ಮೇಲೆ ಖಾಲಿ ತೊಟ್ಟಿಗೆ ಕಿವಿಗೊಟ್ಟು ನಿಂತಿದ್ದರು. ನಿಮ್ಮ ಲೆಕ್ಕಕ್ಕೆ ಅವರು ಸೇರಲೇ ಇಲ್ಲ.

“ನೀವು ‘ಹೌದು’ ಅಂದಿದ್ದು ಮೇಲಿನವರೆಗೂ ಕೇಳಿಸ್ತು ಅಣ್ಣಾ,” ಎಂದರು ಆಕೆ. “ನೀರು ಹತ್ತದಿದ್ರೂ ನಿಮ್ಮ ದನಿ ಹತ್ತುತ್ತೆ. ಇನ್ನು ಮುಂದೆ ಅದರಲ್ಲೇ ಬಟ್ಟೆ ಒಗೀಲಾ?”

ನನ್ನ ಬೇಡಿಕೆ ಇಷ್ಟೇ: ಸಂಜೆಯ ನೀರನ್ನು ನಿಲ್ಲಿಸಬೇಡಿ. ನಂಬಿಕೆಯಾಗದಿದ್ದರೆ ಸೋಮವಾರ ಬಂದು ಇನ್ನೊಮ್ಮೆ ಕೇಳಿ. ಕದ ತಟ್ಟಿದಾಗ ಯಾರೂ ಓಗೊಡದಿದ್ದರೆ ‘ದೂರಿಲ್ಲ’ ಎಂದು ಬರೆದುಕೊಳ್ಳಬೇಡಿ. ಟವೆಲ್ಲು, ಸೋಪು ಹಿಡಿದು ಭಾವಮೈದುನನ ಮನೆಗೆ ಸ್ನಾನಕ್ಕೆ ಹೋಗಿರುತ್ತೇವೆ. ಅವನ ಸರದಿ ಸೋಮವಾರ. ಅಲ್ಲಿಗೇ ಬನ್ನಿ, ಚಹಾ ಕೊಡುತ್ತೇವೆ. ಅವನ ನಲ್ಲಿಯನ್ನು ಮಾತ್ರ ನನ್ನ ಹೆಸರಿಗೆ ಬರೆಯಬೇಡಿ.

ಇಂತಿ,
ಒಂದೇ ಮಾತಿನಲ್ಲಿ ಉತ್ತರಿಸಿ ಕೆಟ್ಟ ವಾಚಾಳಿ,
ನಿಹಾದ್