ಕೈ ಕಲಿತದ್ದು

ಫೆಬ್ರವರಿ 9, ಭಾನುವಾರ

ಪ್ರೀತಿಯ ಮರಿ,

ಹೇಗಿದ್ದೀಯ? ಕೆಮ್ಮು ಪೂರ್ತಿ ಹೋಯಿತೇ, ಅಥವಾ ನನಗೆ ಕೇಳಿಸಬಾರದೆಂದು ಫೋನನ್ನು ದೂರ ಹಿಡಿದು ಕೆಮ್ಮುತ್ತಿದ್ದೀಯಾ? ನಿನ್ನ ಕಾಗದ ಬಂದು ಬಹಳ ದಿನವಾಯಿತು. ಪರೀಕ್ಷೆಯ ಪೇಪರು ತಿದ್ದುವುದಿತ್ತು ಎಂದು ನೆಪ ಹೇಳಬಹುದು. ಪೇಪರುಗಳಿದ್ದದ್ದು ನಿಜ, ಅವು ಎಂದೋ ಮುಗಿದದ್ದೂ ನಿಜ. ಆಮೇಲೆ ಬರೆಯಲು ಕೂತಾಗಲೆಲ್ಲ ಗಿರಣಿಯ ಸುದ್ದಿ, ಬಾವಿಯ ಮೋಟಾರು ಸುಟ್ಟ ಸುದ್ದಿ ಬರೆದು, ಓದಿ, ಹರಿದು ಹಾಕಿದೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ನಿನ್ನ ದನಿ ಕೇಳಿದರೆ ನಾನು ನಿನಗೆ ಹಿತವಾದದ್ದನ್ನೇ ಹೇಳಿಬಿಡುತ್ತೇನೆ. ಕಾಗದದ ಮುಂದೆ ಅಷ್ಟು ಸುಲಭವಾಗಿ ಜಾರಿಕೊಳ್ಳಲಾಗುವುದಿಲ್ಲ.

ಗಿರಣಿ ನಡೆಯುತ್ತಿದೆ. ನಿನ್ನ ಚಿಕ್ಕಪ್ಪ ಅಪ್ಪನಂತೆ ಹಿಟ್ಟನ್ನು ಬೆರಳಿನಲ್ಲಿ ಉಜ್ಜಿ ನೋಡುವುದಿಲ್ಲ. ದೂರದಿಂದಲೇ ಕಣ್ಣು ಹಾಯಿಸಿ "ನುಣ್ಣಗಾಯ್ತು, ತಗೊಂಡ್ಹೋಗಿ" ಎನ್ನುತ್ತಾನೆ. ಜನ ಅವನಿಗೆ 'ತರಿತರಿ' ಎಂದು ಹೆಸರಿಟ್ಟಿದ್ದಾರೆ. ಅವನಿಗೂ ಗೊತ್ತು. ಕರೆದರೆ ತಿರುಗಿ ನೋಡುತ್ತಾನೆ, ಪಾಪ.

ಈಗ ವಿಷಯಕ್ಕೆ ಬರುತ್ತೇನೆ. ರಜೆಗೆ ಬಂದ ಕೂಡಲೇ ಮನೆಗಿಂತ ಮೊದಲು ಹೊಲಿಗೆ ಅತ್ತೆಯ ಅಂಗಡಿಗೆ ಹೋಗಿ ಅವಳ ಎರಡೂ ಕೈ ಹಿಡಿದುಕೊಳ್ಳಬೇಕು ಎಂದು ನೀನು ಬರೆದಿದ್ದೆ. ಅಪ್ಪನಿಗೆ ಮಾಡಬೇಕಾದದ್ದನ್ನೆಲ್ಲ ಅವಳು ಮಾಡಿದಳು, ಆ ಒಂದು ಮಾತಿನ ಮೇಲೆ ತಲೆಯಿಟ್ಟು ಮಲಗುತ್ತೇನೆ ಎಂದೂ ಬರೆದಿದ್ದೆ. ಆ ಸಾಲುಗಳನ್ನು ನಾನು ಅವಳಿಗೆ ಓದಿ ಹೇಳಿದ್ದೆ. ಅವಳು ಕತ್ತರಿಸಿ ಉಳಿದ ಬಟ್ಟೆಯ ಚೂರಿನಲ್ಲಿ ಕಣ್ಣೊರೆಸಿಕೊಂಡು, "ಅತ್ತಿಗೆ, ಇನ್ನೊಂದ್ಸಲ ಓದಿ" ಎಂದಿದ್ದಳು. ಈಗ ಅದೇ ಹೊಲಿಗೆ ಅತ್ತೆ ನೀನು ಅಂಗಡಿಗೆ ಬರುವುದು ಬೇಡ ಎನ್ನುತ್ತಿದ್ದಾಳೆ. ಯಾಕೆಂದು ನಿನಗೆ ಹೇಳಲೇಬೇಕಾಗಿದೆ.

ಪ್ರಥಮ ಚಿಕಿತ್ಸೆಯ ತರಗತಿಗಳು ಶುರುವಾದಾಗ ನೀನಿಲ್ಲಿರಲಿಲ್ಲ. ಆಸ್ಪತ್ರೆ ಎಷ್ಟು ದೂರ ಎಂಬುದು ನಿನಗೆ ಗೊತ್ತು. ಆಂಬುಲೆನ್ಸ್ ಬರುವಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿರುತ್ತದೆ. ಅದಕ್ಕೇ ಆರೋಗ್ಯ ಕೇಂದ್ರದ ಸಿಸ್ಟರ್ ಶುಕ್ರವಾರ ಸಂಜೆ ನಮ್ಮ ಶಾಲೆಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ ಪಾಠ ಮಾಡತೊಡಗಿದರು. ಸುಟ್ಟರೆ ತಣ್ಣೀರು ಹರಿಸಬೇಕು, ಸಿಕ್ಕಿದ್ದನ್ನೆಲ್ಲ ಬಳಿಯಬಾರದು. ಹಾವು ಕಚ್ಚಿದ ಜಾಗ ಕೊಯ್ಯಬಾರದು. ಎಚ್ಚರ ತಪ್ಪಿದವರ ಬಾಯಿಗೆ ನೀರು ಬಿಡಬಾರದು. ಅವರ ಪುಸ್ತಕ ಇಂಗ್ಲಿಷಿನದು. ಅದನ್ನು ಕನ್ನಡ ಮಾಡಿ ಬೋರ್ಡಿನ ಮೇಲೆ ಬರೆಯುವುದು ನನ್ನ ಕೆಲಸ. ಇಂಗ್ಲಿಷ್ ಶಾಲೆಯಲ್ಲಿ ಓದಿದ್ದು ಅಂತೂ ಒಂದು ಉಪಯೋಗಕ್ಕೆ ಬಂತು ಎಂದು ಒಳಗೊಳಗೇ ಸಂತೋಷಪಟ್ಟೆ ಎಂದೂ ಹೇಳಿಬಿಡುತ್ತೇನೆ.

ಹೃದಯ ನಿಂತವರ ಎದೆ ಒತ್ತುವುದನ್ನು ಕಲಿಸಲು ಒಂದು ಗೊಂಬೆ ಬೇಕು. ಅದು ಬರುತ್ತದೆ, ಬರುತ್ತದೆ ಎಂದರೇ ಹೊರತು ಬರಲಿಲ್ಲ. ಸುಮ್ಮನೆ ಕಾಯುವುದೇಕೆಂದು ಸಿಸ್ಟರ್, ಯಾರಾದರೂ ಮಲಗುತ್ತೀರಾ ಎಂದು ಕೇಳಿದರು. ನಿನ್ನಪ್ಪ ಗಿರಣಿಯಿಂದ ನೇರವಾಗಿ ಬಂದು ಬಾಗಿಲಲ್ಲಿ ನಿಂತಿದ್ದರು, ಹುಬ್ಬಿನವರೆಗೂ ಹಿಟ್ಟು. "ನಾನು ಪೌಡರ್ ಹಾಕ್ಕೊಂಡೇ ಬಂದಿದೀನಿ ಸಿಸ್ಟರ್. ಹೆಣದ ಪಾರ್ಟು ನನಗೇ ಇರ್ಲಿ" ಎಂದು ನೆಲದ ಮೇಲೆ ಉದ್ದಕ್ಕೆ ಮಲಗಿಯೇಬಿಟ್ಟರು.

ಆಮೇಲೆ ಪ್ರತಿ ಶುಕ್ರವಾರ ಅವರದೇ ಪಾರ್ಟು. ಊರಿನ ಅರ್ಧ ಜನ ಅವರ ಎದೆಯ ಮೇಲೆ ಕೈಯಿಟ್ಟು ಕಲಿತರು. ಕಚಗುಳಿಯ ಮನುಷ್ಯ ಅವರು, ಗೊತ್ತಲ್ಲ. ಯಾರ ಕೈಯಾದರೂ ಸ್ವಲ್ಪ ಭಾರವಾದರೆ ಒಂದು ಕಣ್ಣು ತೆರೆದು, "ಮೆಲ್ಲಗೆ ತಾಯಿ, ನಾನಿನ್ನೂ ಇದೀನಿ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಬದುಕಿರುವವರ ಎದೆಯನ್ನು ನಿಜವಾಗಿ ಒತ್ತಬಾರದು, ಕೈಯಿಟ್ಟು ಲೆಕ್ಕ ಹೇಳಿದರೆ ಸಾಕು, ಆದರೆ ಸಮಯ ಬಂದಾಗ ಎದೆ ಎರಡು ಅಂಗುಲ ಕೆಳಗಿಳಿಯುವಂತೆ ಒತ್ತಬೇಕು ಎಂದು ಸಿಸ್ಟರ್ ಪ್ರತಿ ಸಲವೂ ಹೇಳಿದರು. ನಾನು ಬೋರ್ಡಿನ ಮೇಲೆ ಬರೆದೆ, ಅಡಿಗೆರೆ ಎಳೆದೆ. ಎಲ್ಲರೂ ಹೂಂಗುಟ್ಟಿದರು. ಕಿವಿ ಕೇಳಿಸಿಕೊಂಡಿತ್ತು. ಕೈ ಕೇಳಿಸಿಕೊಂಡಿರಲಿಲ್ಲ.

ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಹೊಲಿಗೆ ಅತ್ತೆ. ಮಿಷನ್ ತುಳಿದು ತುಳಿದು ಅವಳ ಮೈಯಲ್ಲೇ ಒಂದು ತಾಳವಿದೆ. ಅಂಗೈ ಇಡುವ ಜಾಗ, ಬೆರಳು ಹೆಣೆಯುವುದು, ಎಲ್ಲ ಅಚ್ಚುಕಟ್ಟು. ಅವಳ ಸರದಿ ಬಂದರೆ ಅಪ್ಪ, "ನಮ್ಮ ತಂಗಿ ಕೈ ಇಟ್ರೆ ನಿದ್ದೆನೇ ಬರುತ್ತೆ" ಎನ್ನುತ್ತಿದ್ದರು.

ಆ ದಿನದ ಕತೆ ನಿನಗೆ ಗೊತ್ತು. ಅಪ್ಪ ಗಿರಣಿಯ ಬಾಯಿಗೆ ಧಾನ್ಯ ಸುರಿಯುತ್ತಿದ್ದವರು ಹಾಗೇ ಕುಸಿದರು. ಎದುರಿನ ಅಂಗಡಿಯಿಂದ ಅವಳು ಓಡಿ ಬಂದಳು. ಬೆಲ್ಟ್ ನಿಲ್ಲಿಸಿ, ಆಂಬುಲೆನ್ಸಿಗೆ ಫೋನ್ ಮಾಡಿಸಿ, ಮಂಡಿಯೂರಿ ಶುರು ಮಾಡಿದಳು. ನಾನು ಶಾಲೆಯಿಂದ ಬಂದಾಗಲೂ ನಿಲ್ಲಿಸಿರಲಿಲ್ಲ. ನಾನು ಅಪ್ಪನ ತಲೆಯ ಹತ್ತಿರ ಕೂತು ಲೆಕ್ಕ ಎಣಿಸಿದೆ. ಆಂಬುಲೆನ್ಸಿನವರು ಬಂದು ಅವಳ ಕೈ ಸರಿಸುವವರೆಗೂ ಅವಳು ಒಂದು ಎಣಿಕೆ ತಪ್ಪಲಿಲ್ಲ. ಅಪ್ಪ ಉಳಿಯಲಿಲ್ಲ. ಆದರೂ ನೋಡಿದವರೆಲ್ಲ, ಹೆತ್ತ ಮಕ್ಕಳೂ ಇಷ್ಟು ಮಾಡುವುದಿಲ್ಲ ಎಂದರು. ಅಂದಿನಿಂದ ಊರಿನಲ್ಲಿ ಅವಳಿಗೆ ಬೇರೆಯದೇ ಮರ್ಯಾದೆ. ಮಗುವಿನ ಕೈ ಸುಟ್ಟರೂ ಮೊದಲು ಅವಳ ಅಂಗಡಿಗೇ ಓಡುತ್ತಿದ್ದರು.

ಕಳೆದ ತಿಂಗಳು ಗೊಂಬೆ ಬಂತು.

ದೊಡ್ಡ ಪೆಟ್ಟಿಗೆಯಲ್ಲಿ, ಸೊಂಟದವರೆಗಿನ ಮೈ ಮಾತ್ರ. ಎದೆಯೊಳಗೆ ಸ್ಪ್ರಿಂಗ್ ಇದೆ, ಸಾಕಷ್ಟು ಆಳಕ್ಕೆ ಒತ್ತಿದರೆ 'ಟಕ್' ಎನ್ನುತ್ತದೆ ಎಂದು ಸಿಸ್ಟರ್ ವಿವರಿಸಿದರು. ನಮ್ಮಲ್ಲಿ ನಿಜವಾಗಿ ಮಾಡಿದವರು ಒಬ್ಬರೇ, ಅವರೇ ಮೊದಲು ತೋರಿಸಲಿ ಎಂದು ಅವಳನ್ನು ಕರೆದರು. ಅವಳು ಅಳತೆಯ ಟೇಪನ್ನು ಕೊರಳಿನಿಂದ ತೆಗೆದು ನನ್ನ ಕೈಗೆ ಕೊಟ್ಟು ಮಂಡಿಯೂರಿದಳು. ಅದೇ ಜಾಗ, ಅದೇ ಬೆರಳು, ಅದೇ ತಾಳ. ಗೊಂಬೆ ಸದ್ದು ಮಾಡಲಿಲ್ಲ.

ಗೊಂಬೆಯೇ ಕೆಟ್ಟಿದೆಯೇನೋ ಎಂದು ಸಿಸ್ಟರ್ ತಾವೇ ಒತ್ತಿ ನೋಡಿದರು. ಟಕ್. ಇನ್ನೊಂಚೂರು ಭಾರ ಬಿಡಿ ಎಂದರು. ಸದ್ದಿಲ್ಲ. ಮೊಣಕೈ ಮಡಿಸಬೇಡಿ, ಮೈಭಾರ ಪೂರ್ತಿ ಬಿಡಿ ಎಂದರು. ಅವಳು ಮೇಲಕ್ಕೆದ್ದು ಬಾಗಿ ಒತ್ತಿದಳು.

ಟಕ್.

ಅವಳು ಕೈ ತೆಗೆಯಲಿಲ್ಲ. ಗೊಂಬೆಯ ಮುಖ ನೋಡುತ್ತ, "ಇಷ್ಟು ಒತ್ತಬೇಕಿತ್ತಾ?" ಎಂದಳು. ಆಮೇಲೆ ಸಿಸ್ಟರ್ ಕಡೆ ತಿರುಗಿದಳು. "ಇಷ್ಟು ಒತ್ತಬೇಕಿತ್ತಾ ಸಿಸ್ಟರ್? ನಾನು ಅಣ್ಣಂಗೆ ನೋವಾಗದ ಹಾಗೆ ಒತ್ತಿದೆ."

ಮರಿ, ಆ ಗಳಿಗೆಯಲ್ಲಿ ನನ್ನೊಳಗೆ ಏನಾಯಿತು ಎಂದು ನಿನಗೆ ನಿಜ ಹೇಳಬೇಕು. ಮೊದಲು ಬಂದದ್ದು ಸಿಟ್ಟು. ಅವಳ ಆ ಮಡಿಸಿದ ಮೊಣಕೈಯ ಮೇಲೆ ಸಿಟ್ಟು. ಅದು ಹೆಚ್ಚು ಹೊತ್ತು ಇರಲಿಲ್ಲ ಎಂದು ಬರೆಯಲು ಆಸೆ, ಎಷ್ಟು ಹೊತ್ತಿತ್ತೋ ನನಗೇ ತಿಳಿಯದು. ಆಮೇಲೆ ನಾನು ಎದ್ದು ಹೋಗಿ ಅವಳ ಪಕ್ಕ ಕೂತು ಗೊಂಬೆಯ ಎದೆಗೆ ಕೈಯಿಟ್ಟೆ. ಅವಳ ಮೇಲಿನ ಪ್ರೀತಿಯಿಂದಲೋ, ಅವಳ ಮುಖ ನೋಡಲಾರದೆಯೋ, ಇವತ್ತಿಗೂ ಹೇಳಲಾರೆ. ಒತ್ತಿದೆ. ಸದ್ದು ಬರಲಿಲ್ಲ. ಬೋರ್ಡಿನ ಮೇಲೆ ಅಡಿಗೆರೆ ಎಳೆದವಳ ಕೈಯಲ್ಲೂ ಸದ್ದು ಬರಲಿಲ್ಲ. ಆಮೇಲೆ ನಿನ್ನ ಚಿಕ್ಕಪ್ಪ ಬಂದ. ಪೋಸ್ಟ್‌ಮ್ಯಾನ್, ದಿನಸಿ ಅಂಗಡಿಯವಳು, ಹಾಲಿನವನು, ಹಳೆಯ ತರಗತಿಯವರೆಲ್ಲ ಯಾರೂ ಕರೆಯದೆಯೇ ಒಬ್ಬೊಬ್ಬರಾಗಿ ಬಂದರು. ಮೊದಲ ಸಲಕ್ಕೆ ಯಾರ ಕೈಯಲ್ಲೂ ಗೊಂಬೆ ಸದ್ದು ಮಾಡಲಿಲ್ಲ. ನಾವೆಲ್ಲ ಒಂದೇ ಎದೆಯ ಮೇಲೆ ಕಲಿತವರು. "ಮೆಲ್ಲಗೆ ತಾಯಿ" ಎಂದವರ ಮಾತು ಎಲ್ಲರ ಅಂಗೈಯಲ್ಲೂ ಉಳಿದಿತ್ತು. ಸಿಸ್ಟರ್ ಬೆಂಚಿನ ಮೇಲೆ ಕೂತು ತಲೆ ಎತ್ತಲಿಲ್ಲ.

ಮರುದಿನ ಅವರು ಮನೆಗೆ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಗೊಂಬೆ ಬರುವವರೆಗೆ ಒಂದು ಮೂಟೆಯನ್ನಾದರೂ ಇಟ್ಟು ಒತ್ತಿಸಬೇಕಿತ್ತು, ಅದು ತಮಗೆ ಹೊಳೆಯಲಿಲ್ಲ ಎಂದರು. ಗಿರಣಿಯಲ್ಲಿ ಮೂಟೆಗಳಿಗೇನು ಬರವಿತ್ತು ಎಂದು ನನಗೂ ಅನ್ನಿಸಿತು, ಹೇಳಲಿಲ್ಲ. ಸರಿಯಾಗಿ ಒತ್ತಿದ್ದರೆ ನಿನ್ನಪ್ಪ ಉಳಿಯುತ್ತಿದ್ದರೇ ಎಂದು ಮಾತ್ರ ಕೇಳಿದೆ. "ಗೊತ್ತಿಲ್ಲ ಟೀಚರ್" ಎಂದರು. "ಸರಿಯಾಗಿ ಒತ್ತಿದ್ರೂ ಎಷ್ಟೋ ಜನ ವಾಪಸ್ ಬರಲ್ಲ. ಒಂದು ಅವಕಾಶ ಇರ್ತಿತ್ತು. ಅದಕ್ಕಿಂತ ಹೆಚ್ಚು ಹೇಳಿದ್ರೂ ಸುಳ್ಳು, ಕಮ್ಮಿ ಹೇಳಿದ್ರೂ ಸುಳ್ಳು." ಆ ಮಾತಿಗೆ ನಾನು ಅವರಿಗೆ ಋಣಿ.

ಹೊಲಿಗೆ ಅತ್ತೆ ಅಂಗಡಿ ಮುಚ್ಚಿಬಿಟ್ಟಳು. ಕತ್ತರಿಸದ ಬಟ್ಟೆಗಳನ್ನೆಲ್ಲ ಮನೆಮನೆಗೆ ವಾಪಸ್ ಕಳಿಸಿದಳು. ನಾನು ಹೋದಾಗ ಶಟರ್ ಅರ್ಧಕ್ಕೆ ಎಳೆದಿತ್ತು. ಬಗ್ಗಿ ಒಳಗೆ ಹೋದೆ. ಯಾರದೋ ಅಂಗಿಯ ಹೊಲಿಗೆ ಬಿಚ್ಚುತ್ತ ಕೂತಿದ್ದಳು. ತಲೆಯೆತ್ತದೆ, "ಮಗೂನ ಈ ಕಡೆ ಕಳಿಸ್ಬೇಡಿ ಅತ್ತಿಗೆ" ಎಂದಳು. "ಅದು ಕೈ ಹಿಡ್ಕೋತೀನಿ ಅಂತ ಬರೆದಿದೆ. ಈ ಕೈನ ಯಾವ ಮುಖ ಇಟ್ಕೊಂಡು ಕೊಡ್ಲಿ?"

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಬೇರೆಯೇ.

"ಎಣಿಸಿದವಳು ನಾನಲ್ವಾ" ಎಂದೆ. "ಎದುರಿಗೇ ಕೂತಿದ್ದೆ. ನನಗೂ ಕಾಣ್ಲಿಲ್ಲ."

"ನೀವು ಎಣಿಸಿದ್ರಲ್ಲಿ ತಪ್ಪಿರಲಿಲ್ಲ."

"ನೀನು ಒತ್ತಿದ್ದೂ ಕಲಿಸಿದ ಹಾಗೇ ಇತ್ತು."

ಅವಳು ಇನ್ನೊಂದು ದಾರ ಕಿತ್ತಳು. "ಅಷ್ಟು ಹಿಟ್ಟು ಮೆತ್ತಿತ್ತು ಅಣ್ಣನ ಅಂಗಿಗೆ, ಒರೆಸೋಕೂ ಬಿಡುವಿರಲಿಲ್ಲ" ಎಂದಳು. ಅಷ್ಟೇ. ಶುಕ್ರವಾರ ಬಾ ಎಂದು ಹೇಳಿ ಬಂದೆ.

ಆ ಶುಕ್ರವಾರ ಬರಲಿಲ್ಲ. ಮೊನ್ನೆ ಬಂದಳು. ಹಿಂದಿನ ಬೆಂಚಿನಲ್ಲಿ ಕೂತಳು. ಎಲ್ಲರೂ ಹೋದ ಮೇಲೆ, ಈಗಲೇ ಬೀಗ ಹಾಕಬೇಡಿ ಅತ್ತಿಗೆ ಎಂದಳು. ಮಂಡಿಯೂರಿ, ಮೊಣಕೈ ನೆಟ್ಟಗೆ ಮಾಡಿ ಶುರು ಮಾಡಿದಳು. ಟಕ್, ಟಕ್, ಟಕ್. ತೋಳು ಸೋತರೂ ನಿಲ್ಲಿಸಲಿಲ್ಲ. ನನಗೆ ಬೇರೇನು ಮಾಡಬೇಕೋ ತಿಳಿಯಲಿಲ್ಲ. ಗೊಂಬೆಯ ತಲೆಯ ಹತ್ತಿರ ಕೂತು ಎಣಿಸಿದೆ.

ಇದನ್ನೆಲ್ಲ ನಿನಗೆ ಬರೆಯಬೇಕೇ ಎಂದು ನನ್ನನ್ನು ನಾನು ಬಹಳ ಕೇಳಿಕೊಂಡೆ. ನಿನಗಿದ್ದ ಒಂದು ತಲೆದಿಂಬನ್ನೂ ಎಳೆದುಕೊಳ್ಳುತ್ತಿದ್ದೇನೆ. ಆದರೆ ನೀನು ಇದನ್ನು ಬೇರೆಯವರ ಬಾಯಿಂದ ಅಥವಾ ಅವಳ ಮುಖದಿಂದ ತಿಳಿಯುವುದು ಬೇಡವಾಗಿತ್ತು. ರಜೆಗೆ ಬಂದಾಗ ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಅವಳ ಕೈ ಹಿಡಿದುಕೋ ಎಂದು ಕೇಳುವುದೂ ಇಲ್ಲ. ಸಿಟ್ಟು ಬಂದರೆ ಬರಲಿ, ನನಗೂ ಬಂದಿತ್ತು. ಅಂಗಡಿ ಮತ್ತೆ ತೆರೆದಿದೆ ಎಂದಷ್ಟೇ ತಿಳಿಸುತ್ತೇನೆ. ಇನ್ನೊಂದು: ಇನ್ನು ಮೇಲೆ ತರಗತಿಯಲ್ಲಿ ಗೊಂಬೆಯ ಸದ್ದು ಬರಿಸದೆ ಅವಳು ಯಾರನ್ನೂ ಏಳಲು ಬಿಡುವುದಿಲ್ಲವಂತೆ, ಹಾಗೆಂದು ಸಿಸ್ಟರಿಗೆ ಹೇಳಿದ್ದಾಳೆ. ಮುಂದೆ ಇನ್ನೊಬ್ಬರ ಅಪ್ಪನಿಗೆ ಅದು ಒದಗಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗೆ ಒಳ್ಳೆಯ ಕೆಲಸವೂ ಕಣ್ಣಿಗೆ ನಿದ್ದೆಯೂ ಸಿಗಲಿ.

ನಿನ್ನ
ಅಮ್ಮ

ತಾ.ಕ.: ಅಪ್ಪ ಹೋದ ಮೇಲೆ ನೀನು ಹಾಸ್ಟೆಲಿಗೆ ಹೊರಟ ದಿನ, ಬಸ್ಸಿನ ಕಿಟಕಿಯ ಹತ್ತಿರ ನಿಂತು ನಿನಗೊಂದು ಮಾತು ಹೇಳಿದ್ದೆ. ಮೈಮೇಲೆ ಒಂದು ಗಾಯವಿಲ್ಲ, ಒಂದು ಎಲುಬೂ ಮುರಿದಿಲ್ಲ ಎಂದು ಆಸ್ಪತ್ರೆಯ ಡಾಕ್ಟರ್ ಹೇಳಿದರು, ಅಪ್ಪ ಇಡಿಯಾಗಿ ಹೋದರು ಎಂದು. ನಿನಗೆ ಸಮಾಧಾನವಾಗಲಿ ಎಂದು ಹೇಳಿದ್ದೆ, ನನಗೂ ಅದೇ ಸಮಾಧಾನವಾಗಿತ್ತು. ಗೊಂಬೆ ಬಂದ ಮೇಲೆ ಒಂದು ದಿನ ಸಿಸ್ಟರ್ ಪಾಠದ ನಡುವೆ, ಸರಿಯಾಗಿ ಒತ್ತಿದಾಗ ಎಷ್ಟೋ ಸಲ ಪಕ್ಕೆಲುಬು ಮುರಿಯುತ್ತದೆ, ಹೆದರಬೇಡಿ, ಎಲುಬು ಮತ್ತೆ ಕೂಡುತ್ತದೆ ಎಂದರು. ಅದನ್ನೂ ನಾನೇ ಬೋರ್ಡಿನ ಮೇಲೆ ಬರೆದೆ. ಅಂದಿನಿಂದ ಅಪ್ಪನ ಅಂಗಿ ಮಡಿಸಿಡುವಾಗಲೆಲ್ಲ ನನ್ನ ಕೈ ಎದೆಯ ಗುಂಡಿಗಳ ಹತ್ತಿರ ನಿಂತುಬಿಡುತ್ತದೆ. ಒಂದೇ ಒಂದು ಎಲುಬು ಮುರಿದಿದ್ದರೆ ಎಂದು ಆಸೆಪಡುತ್ತೇನೆ.