ವೆಂಡೆಲ್ ತುಂಬಿಟ್ಟ ಈಡು

ಡಿಸೆಂಬರ್ 14
ಶೆಡ್ಡಿನೊಳಗೆ ಹೊರಗಿನಷ್ಟೇ ಚಳಿ. ಒಳ್ಳೆಯದು. ವೆಂಡೆಲ್‌ನ ಕೋವಿ ಮೊಳೆಯಲ್ಲೇ ಇದೆ. ಮುಟ್ಟಲಿಲ್ಲ.

ಶಾಲೆಯ ಅಡುಗೆಮನೆಯಲ್ಲಿ ಇಂದೂ ಎಲ್ಲರದೂ ಪಿಸುಮಾತು, ಗಂಡ ಸತ್ತವಳಿಗೆ ಕಿವಿಯೂ ನೋಯುತ್ತದೆ ಎಂಬಂತೆ. ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದೆ.

ಡಿಸೆಂಬರ್ 19
ಬರೆದಿಡುತ್ತೇನೆ. ಇಲ್ಲದಿದ್ದರೆ ನನಗೇ ಹುಚ್ಚು ಅನ್ನಿಸುತ್ತದೆ. ಬೇಟೆ ವಾರದ ಕೊನೆಯ ಭಾನುವಾರ ವೆಂಡೆಲ್ ಬರಿಗೈಯಲ್ಲಿ ಬಂದ. ಮದ್ದಿಗೆ ಕಿಡಿ ಹಚ್ಚುವ ಕೇಪನ್ನು ಕೋವಿಯಿಂದ ತೆಗೆದು ಜೇಬಿಗೆ ಹಾಕಿಕೊಂಡ. ನಳಿಗೆಯೊಳಗಿನ ಮದ್ದು, ಗುಂಡು ಹಾಗೇ ಬಿಟ್ಟ. ಬೆಚ್ಚಗಿನ ಮನೆಗೆ ತಂದರೆ ಕಬ್ಬಿಣ ಬೆವರಿ ಮದ್ದು ತೇವವಾಗುತ್ತದೆ — ಅದಕ್ಕೇ ಶೆಡ್ಡಿನ ಮೊಳೆ. ಇಲ್ಲಿ ಎಲ್ಲರೂ ಮಾಡುವುದೇ. "ನಾಳೆ ಮಣ್ಣಿನ ದಿಬ್ಬಕ್ಕೆ ಹೊಡೆದು ಖಾಲಿ ಮಾಡ್ತೀನಿ" ಅಂದ. ಮಾಡಲಿಲ್ಲ. ಬುಧವಾರ ಗಿರಣಿಯಲ್ಲಿ ಮೂಟೆ ಎತ್ತುತ್ತ ಕುಸಿದ. ಅಷ್ಟೇ.

ಅವನು ಕೈಯಾರೆ ತುಂಬಿದ ಈಡು. ಜನವರಿ ಬೇಟೆಯಲ್ಲಿ, ಅವನು ಕೂರುವ ಜಾಗದಲ್ಲೇ ಕೂತು, ನಾನೇ ಅದನ್ನು ಹೊಡೆಯಬೇಕು. ಅಲ್ಲಿಯವರೆಗೆ ಮದ್ದು ಕೆಡಬಾರದು. ಬೇರೇನೂ ಬೇಡ ನನಗೆ.

ಡಿಸೆಂಬರ್ 26
ಹಾಳು ಬಿಸಿಲು. ಹಿಮ ಕರಗಿ ಸೂರು ತೊಟ್ಟಿಕ್ಕುತ್ತಿದೆ. ನಳಿಗೆಯ ಬಾಯಿಗೆ ಟೇಪು ಸುತ್ತಿದೆ. ಈಚೆಗೆ ಪಾದ್ರಿಗಿಂತ ರೇಡಿಯೋದ ಹವಾಮಾನದವನ ಮಾತನ್ನೇ ಹೆಚ್ಚು ಕೇಳುತ್ತಿದ್ದೇನೆ.

ಡಿಸೆಂಬರ್ 29
ರಾಯ್ಸ್ ಬಂದಿದ್ದ. ವೆಂಡೆಲ್‌ನ ತಮ್ಮ. ಸೇಬಿನ ಪೈ ಮೂರನೇ ತುಂಡಿಗೆ ಬಂದಾಗ ವಿಷಯಕ್ಕೂ ಬಂದ.

"ಆರ್ಫಾ, ಜನವರಿ ಬೇಟೆಗೆ ಅಣ್ಣನ ಕೋವಿ ಕೊಡ್ತೀಯಾ? ನನ್ನ ತೋಟೆ ಕೋವಿ ಆಗ ನಡೆಯಲ್ಲ. ಬಾಯಿಂದ ಮದ್ದು ತುಂಬೋದೇ ಆಗ್ಬೇಕು ಅನ್ನುತ್ತೆ ಕಾನೂನು."

"ತುಂಬೋಕೆ ಬರುತ್ತಾ ನಿಂಗೆ?"

"ಈಗಿನವು ಏನು ಮಹಾ. ಮದ್ದು ಬಿಲ್ಲೆ ಬಿಲ್ಲೆಯಾಗಿ ಸಿಗುತ್ತೆ. ಮೇಲೆ ದುರ್ಬೀನು ಬೇರೆ. ಅಜ್ಜ ನೋಡಿದ್ರೆ ಮುಖಕ್ಕೆ ಉಗೀತಿದ್ದ."

ಶೆಡ್ಡಿಗೆ ಹೋಗಿ ನೋಡಿದ. ಕೇಪಿನ ಜಾಗ ಇಣುಕಿ "ಖಾಲಿ ಇದೆ" ಅಂದ. ಕಾನೂನಿನ ಪ್ರಕಾರ ಅವನ ಮಾತು ಸರಿ, ಕೇಪಿಲ್ಲದ ಕೋವಿ ಖಾಲಿ ಕೋವಿಯೇ.

"ಬಾಯಿಗೆ ಯಾಕೆ ಟೇಪು?"

"ಜೇಡ ಗೂಡು ಕಟ್ಟುತ್ತೆ."

ನಿಜ ಹೇಳಿದ್ದರೆ ಹಿಂದಿನ ಬಿರಡೆ ಬಿಚ್ಚಿ ಅಲ್ಲೇ ಎಲ್ಲ ಹೊರಗೆ ತಳ್ಳುತ್ತಿದ್ದ. ಈಗಿನ ಕೋವಿಗಳಲ್ಲಿ ಅದು ಕಾಫಿ ಆರುವ ಮುಂಚೆ ಮುಗಿಯುವ ಕೆಲಸ. "ನೋಡೋಣ" ಅಂತಷ್ಟೇ ಅಂದೆ.

ಜನವರಿ 6, ಶನಿವಾರ, ಬೆಳಿಗ್ಗೆ
ಕಿತ್ತಳೆ ಬಣ್ಣದ ಬೇಟೆ ಕೋಟು ಹಾಕಿಕೊಂಡು ಶೆಡ್ಡಿಗೆ ಹೋದೆ. ಮೊಳೆ ಖಾಲಿ. ಗುಂಡಿನ ಡಬ್ಬಿಯೂ ಇಲ್ಲ. ಹಿಮದಲ್ಲಿ ರಾಯ್ಸ್‌ನ ಗಾಡಿಯ ಗುರುತು.

ಈಡಿನ ಮೇಲೆ ಈಡು ತುಂಬಿ ಹೊಡೆದರೆ ನಳಿಗೆ ಸೀಳುತ್ತದೆ. ಕೆನ್ನೆಯ ಪಕ್ಕದಲ್ಲೇ. ಫೋನ್ ಎತ್ತುತ್ತಿಲ್ಲ. ಹೊರಟೆ.

ಅದೇ ದಿನ, ಮಧ್ಯಾಹ್ನ
ಬದುಕಿದ್ದಾನೆ.

ಗಾಡಿಯ ಕಿಟಕಿ ಇಳಿಸಿಕೊಂಡೇ ಓಡಿಸಿದೆ. ದೂರದಲ್ಲಿ ಎಲ್ಲೋ ಒಂದು ಈಡು ಕೇಳಿತು. ಗಾಡಿಯನ್ನು ಇನ್ನೂ ಜೋರಾಗಿ ಓಡಿಸಿದೆ... ಅದು ಬೇರೆ ಯಾರದೋ.

ಜೋಳದ ಹೊಲದ ಅಂಚಿನಲ್ಲಿ, ವೆಂಡೆಲ್‌ನ ಜಾಗದಲ್ಲೇ ಕೂತಿದ್ದ. ಕೋವಿ ಬಿಚ್ಚಿ ತೊಡೆಯ ಮೇಲೆ. ಟೊಪ್ಪಿಯೊಳಗೆ ಎರಡು ಗುಂಡು, ಪುಡಿಯಾದ ಮದ್ದು.

"ಮದ್ದು ಹಾಕಿ ಗುಂಡು ತುಂಬಿದೆ. ಗುಂಡು ಒತ್ತೋ ಸರಳು ಮಾಮೂಲಿಗಿಂತ ಗೇಣುದ್ದ ಹೊರಗೇ ನಿಂತ್ಕೊಳ್ತು," ಅಂದ. "ಆದದ್ದಾಗಲಿ ಹೊಡೆಯೋಣ ಅಂತಿದ್ದೆ. ಯಾಕೋ ಮನಸ್ಸು ಬರಲಿಲ್ಲ. ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಸತ್ತಿದ್ರೆ?"

"ಅದು ಅವನು ತುಂಬಿದ್ದು. ಹೇಳಿದ್ರೆ ನೀನು ತೆಗೆದುಬಿಡ್ತಿದ್ದೆ," ಅಂದೆ. ನಾಚಿಕೆಯಾಯಿತು. ಸಿಟ್ಟೂ ಬಂತು, ಯಾರ ಮೇಲೆ ಅಂತ ತಿಳಿಯದೆ.

ಟೊಪ್ಪಿಯೊಳಗಿನ ಗುಂಡೊಂದನ್ನು ಬೆರಳಿಂದ ಉರುಳಿಸಿದ. "ನಂಗೂ ಅವನು ಅಣ್ಣ ಆಗಿದ್ದ, ಆರ್ಫಾ."

ಎರಡೂ ಒಂದೇ ಡಬ್ಬಿಯ ಗುಂಡು. ವೆಂಡೆಲ್‌ನದು ಯಾವುದು ಅಂತ ತಿರುಗಿಸಿ ತಿರುಗಿಸಿ ನೋಡಿದೆವು. ಗೊತ್ತಾಗಲಿಲ್ಲ. ಅವನೊಂದು ಜೇಬಿಗೆ ಹಾಕಿಕೊಂಡ, ನಾನೊಂದು.

ಜನವರಿ 7, ಸಂಜೆ
ಇವತ್ತು ಇಬ್ಬರೂ ಹೋದೆವು. ಕೋವಿ ಒಂದೇ. ರಾಯ್ಸ್‌ನ ಜೇಬಿನಲ್ಲಿದ್ದ ಗುಂಡನ್ನೇ ಹಾಕಿದೆವು. ಮದ್ದು ನಾನು ಹಾಕಿದೆ, ಸರಳು ಅವನು ಒತ್ತಿದ. ಕೂತ ಮೇಲೆ ಅವನ ಬಾಯಿಗೆ ಬಿಡುವಿಲ್ಲ.

"ಸುಮ್ನಿರೋ. ಜಿಂಕೆಗೂ ಕಿವಿ ಇದೆ."

"ಅಣ್ಣನೂ ಹೀಗೇ ಬೈತಿದ್ದ."

ಹೊತ್ತು ಇಳಿಯುವಾಗ ಹೆಣ್ಣು ಜಿಂಕೆಯೊಂದು ಹೊಲಕ್ಕೆ ಬಂತು. ಅಡ್ಡಲಾಗಿ ನಿಂತಿತು. ರಾಯ್ಸ್ ಕೋವಿಯನ್ನು ನನ್ನ ಕಡೆ ಸರಿಸಿದ. "ನೀನು." ವಾಪಸು ಸರಿಸಿದೆ. "ನೀನೇ." ಮತ್ತೆ ಸರಿಸಿದ. ಜಿಂಕೆ ತಲೆ ಎತ್ತಿ ಈ ಮರ್ಯಾದೆಯನ್ನೆಲ್ಲ ನೋಡಿ, ಬಿಳಿ ಬಾಲ ಎತ್ತಿ ಓಡಿತು. ನಕ್ಕು ನಕ್ಕು ರಾಯ್ಸ್‌ಗೆ ಕೆಮ್ಮು ಬಂತು. ನನಗೂ ನಗು ತಡೆಯಲಾಗಲಿಲ್ಲ.

ಮನೆಗೆ ಬಂದು, ಬಾಗಿಲಲ್ಲೇ ಬೂಟು ಬಿಚ್ಚುತ್ತ, ಜೋರಾಗಿ ಕರೆದೆ — ವೆಂಡೆಲ್, ನಿನ್ನ ತಮ್ಮ ಏನು ಮಾಡಿದ ಕೇಳಿಲ್ಲಿ, ಅಂತ. ಆಮೇಲೆ ನೆನಪಾಯಿತು.